ಈಸ್ಟ್ರೋಜನ್ ಇಳಿದರೆ ನೆನಪೂ ಇಳಿಯುತ್ತದಾ?

ಪ್ರಶ್ನೆ: ಡಾಕ್ಟರೇ, ನನಗೆ 48 ವರ್ಷ. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ, ಒಮ್ಮೊಮ್ಮೆ ಎರಡು ತಿಂಗಳು ಬರುವುದೇ ಇಲ್ಲ. ಅದರ ಜೊತೆಗೇ ಮರೆವು ಶುರುವಾಗಿದೆ. ಮೀಟಿಂಗಿನಲ್ಲಿ ಮಾತಾಡುತ್ತಿರುವಾಗ ಚೆನ್ನಾಗಿ ಗೊತ್ತಿರುವ ಪದವೇ ಬಾಯಿಗೆ ಬರುವುದಿಲ್ಲ. ಏನೋ ತರಲು ರೂಮಿಗೆ ಹೋಗಿ, ಯಾಕೆ ಬಂದೆ ಎಂದು ನಿಂತುಬಿಡುತ್ತೇನೆ. ಈಸ್ಟ್ರೋಜನ್ ಕಡಿಮೆಯಾದರೆ ನೆನಪಿಗೆ ಸಂಬಂಧಿಸಿದ ಮಿದುಳಿನ ಚಟುವಟಿಕೆಯೇ ಬದಲಾಗುತ್ತದೆ ಎಂದು ಓದಿದೆ, ಅವತ್ತಿನಿಂದ ಭಯ. ನನ್ನ ಅಮ್ಮನಿಗೆ ಕೊನೆಯ ವರ್ಷಗಳಲ್ಲಿ ಡಿಮೆನ್ಷಿಯಾ ಇತ್ತು. ರಕ್ತದಲ್ಲಿ ಈಸ್ಟ್ರೋಜನ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬೇಕಾ? ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ನೆನಪು ಉಳಿಯುತ್ತದಾ? ಇನ್ನೊಂದು ವಿಷಯ. ನನ್ನ ತಂಗಿಗೆ 38ನೇ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದಿದ್ದಾರೆ. ಅವಳಿಗೀಗ 40. ಹಾರ್ಮೋನ್ ಏನೂ ಕೊಟ್ಟಿಲ್ಲ. ಅವಳಿಗೂ ಹೀಗೇ ಆಗುತ್ತದಾ?

ಉತ್ತರ: ಮೊದಲು ನಿಮ್ಮ ಭಯದ ವಿಷಯ. ನಿಮಗೆ ಆಗುತ್ತಿರುವ ಮರೆವು ನಿಜವಾದದ್ದು, ಮನಸ್ಸಿನ ಭ್ರಮೆ ಅಲ್ಲ. ಅದಕ್ಕೂ ಈಸ್ಟ್ರೋಜನ್‌ಗೂ ಸಂಬಂಧ ಇರುವುದೂ ನಿಜ. ಆದರೆ ಈಸ್ಟ್ರೋಜನ್ ಇಳಿಯಿತು, ಮಿದುಳಿನ ಚಟುವಟಿಕೆ ಬದಲಾಯಿತು, ಇನ್ನು ನೆನಪು ಹೋಗುವುದೊಂದೇ ಬಾಕಿ ಎಂದು ನೀವು ಲೆಕ್ಕ ಹಾಕಿದ್ದೀರಲ್ಲ, ಅದು ಸರಿಯಲ್ಲ. ಚಟುವಟಿಕೆ ಬದಲಾಗುವುದು ಒಂದು, ನೆನಪು ಕೆಡುವುದು ಇನ್ನೊಂದು. ಇವೆರಡನ್ನೂ ಒಂದೇ ಎಂಬಂತೆ ಬರೆದ ಸುದ್ದಿಗಳನ್ನು ಓದಿ ಎಷ್ಟೋ ಜನ ನಿದ್ದೆ ಕೆಡಿಸಿಕೊಳ್ಳುತ್ತಾರೆ, ಆ ನಿದ್ದೆಗೇಡಿನಿಂದಲೇ ಮರೆವು ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಈಸ್ಟ್ರೋಜನ್ ಹೆಚ್ಚಾಗಿ ಅಂಡಾಶಯದಲ್ಲಿ ತಯಾರಾಗುವ ಹಾರ್ಮೋನ್. ಅದು ಗರ್ಭಕೋಶಕ್ಕೆ ಮತ್ತು ಮುಟ್ಟಿಗೆ ಮಾತ್ರ ಸಂಬಂಧಪಟ್ಟದ್ದು ಎಂದು ನಾವು ಅಂದುಕೊಂಡಿರುತ್ತೇವೆ. ಮಿದುಳಿನಲ್ಲೂ ಅದಕ್ಕೆ ಸಾಕಷ್ಟು ಕೆಲಸ ಇದೆ. ಈಸ್ಟ್ರೋಜನ್ ಎಂಬುದು ಒಂದು ಗುಂಪಿನ ಹೆಸರು, ಅದರಲ್ಲಿ ಮುಖ್ಯವಾದದ್ದು ಈಸ್ಟ್ರಡಯಾಲ್. ಅದು ರಕ್ತದಿಂದ ಸುಲಭವಾಗಿ ಮಿದುಳಿಗೆ ದಾಟುತ್ತದೆ. ಮಿದುಳು ತಾನೂ ಸ್ವಲ್ಪ ಈಸ್ಟ್ರಡಯಾಲ್ ತಯಾರಿಸಿಕೊಳ್ಳುತ್ತದೆ, ಅದಕ್ಕೆ ಬೇಕಾದ ಅರೋಮಟೇಸ್ ಎಂಬ ಕಿಣ್ವ ಅಲ್ಲೇ ಇದೆ. ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳು ನೆನಪಿಗೆ ಬಹಳ ಮುಖ್ಯವಾದ ಎರಡು ಜಾಗಗಳಲ್ಲಿ ಇವೆ. ಒಂದು ಹಿಪೊಕ್ಯಾಂಪಸ್, ಕಿವಿಯ ಮಟ್ಟದಲ್ಲಿ ಒಳಗಡೆ ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ಹೊಸ ವಿಷಯ ನೆನಪಾಗಿ ಕೂರಬೇಕಾದರೆ ಇದು ಬೇಕು. ಇನ್ನೊಂದು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್. ಒಂದು ಫೋನ್ ನಂಬರನ್ನು ಒತ್ತಿ ಮುಗಿಸುವ ತನಕ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ಮಾತಿನ ಮಧ್ಯೆ ಸರಿಯಾದ ಪದವನ್ನು ಹುಡುಕಿ ತರುವುದು, ಇದೆಲ್ಲ ಅದರ ಕೆಲಸ. ನೀವು ಹೇಳಿದ ಎರಡೂ ತೊಂದರೆಗಳು ಹೆಚ್ಚಾಗಿ ಈ ಎರಡನೆಯ ಜಾಗಕ್ಕೆ ಸೇರಿದವು, ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1990ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್ಯೂಯನ್ ಮತ್ತು ಅವರ ಜೊತೆಯವರು ಹೆಣ್ಣು ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಒಂದು ವಿಷಯ ಕಂಡರು. ನರಕೋಶದ ಕವಲುಗಳ ಮೇಲೆ, ಕೊಂಬೆಯ ಮೇಲಿನ ಮೊಗ್ಗುಗಳ ಹಾಗೆ, ಸಣ್ಣ ಸಣ್ಣ ಉಬ್ಬುಗಳಿರುತ್ತವೆ. ಒಂದು ನರಕೋಶ ಇನ್ನೊಂದರಿಂದ ಸಂದೇಶ ಪಡೆಯುವುದು ಹೆಚ್ಚಾಗಿ ಇವುಗಳ ಮೂಲಕ. ಇಲಿಗಳ ಹಾರ್ಮೋನ್ ಚಕ್ರ ನಾಲ್ಕೈದು ದಿನದ್ದು. ಆ ಚಕ್ರದಲ್ಲಿ ಈಸ್ಟ್ರೋಜನ್ ಏರಿದಾಗ ಈ ಉಬ್ಬುಗಳು ಹೆಚ್ಚಾಗುತ್ತಿದ್ದವು, ಇಳಿದಾಗ ಸುಮಾರು 30 ಶೇಕಡಾದಷ್ಟು ಕಡಿಮೆಯಾಗುತ್ತಿದ್ದವು. ಅದೂ ಕೆಲವೇ ದಿನಗಳಲ್ಲಿ! ಬೆಳೆದ ಮಿದುಳಿನ ರಚನೆ ಇಷ್ಟು ಬೇಗ ಬದಲಾಗುತ್ತದೆ ಎಂದು ಅಲ್ಲಿಯವರೆಗೆ ಹೆಚ್ಚಿನವರು ನಂಬಿರಲಿಲ್ಲ. ಈ ವಿಷಯದಲ್ಲಿ ನನಗೆ ಇವತ್ತಿಗೂ ಅತಿ ಅಚ್ಚರಿ ಹುಟ್ಟಿಸುವುದು ಇದೇ. ಉಬ್ಬುಗಳು ಹೋಗುತ್ತವೆ ಎಂಬುದಷ್ಟೇ ಅಲ್ಲ, ಮತ್ತೆ ಬರುತ್ತವೆ. ಈಸ್ಟ್ರೋಜನ್ ಇನ್ನೂ ಹಲವು ರೀತಿ ಕೆಲಸ ಮಾಡುತ್ತದೆ. ಗಮನ ಮತ್ತು ಕಲಿಕೆಗೆ ಬೇಕಾದ ಅಸಿಟೈಲ್‌ಕೋಲಿನ್, ಡೋಪಮೈನ್ ಎಂಬ ರಾಸಾಯನಿಕಗಳ ಮೇಲೆ ಅದರ ಪ್ರಭಾವ ಇದೆ. ಮಿದುಳು ಸಕ್ಕರೆಯನ್ನು ಬಳಸಿಕೊಳ್ಳುವ ರೀತಿಯ ಮೇಲೂ ಇದೆ.

ಸರಿ, ಇಲಿಯ ಕಥೆ ಆಯಿತು. ಮನುಷ್ಯರಲ್ಲಿ ಏನು?

1999ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸ್ಯಾಲಿ ಶೇವಿಟ್ಜ್ ತಂಡ ಮಾಡಿದ ಅಧ್ಯಯನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ನೀವು ಓದಿದಂಥ ಸುದ್ದಿಗಳ ಬೇರು ಹೆಚ್ಚಾಗಿ ಇಂಥ ಅಧ್ಯಯನಗಳಲ್ಲೇ ಇರುತ್ತದೆ. ಮುಟ್ಟು ನಿಂತ 46 ಮಹಿಳೆಯರು. ವಯಸ್ಸು 33ರಿಂದ 61. ಪ್ರತಿಯೊಬ್ಬರಿಗೂ 21 ದಿನ ಈಸ್ಟ್ರೋಜನ್ ಮಾತ್ರೆ, ಇನ್ನೊಂದು 21 ದಿನ ನೋಡಲು ಅದೇ ಥರ ಇರುವ ಸುಳ್ಳು ಮಾತ್ರೆ. ನಡುವೆ ಎರಡು ವಾರ ಬಿಡುವು. ಯಾವುದು ಯಾವಾಗ ಎಂಬುದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಎರಡೂ ಸಲ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕೆಲವನ್ನು ನೆನಪಿಟ್ಟುಕೊಳ್ಳಲು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಒಂದು ಬಗೆ ಓದಿ ಉಚ್ಚರಿಸಬಹುದಾದದ್ದು, ಇನ್ನೊಂದು ಬಗೆ ಕಣ್ಣಿನಿಂದ ನೋಡಿಯೇ ಗುರುತಿಡಬೇಕಾದದ್ದು. ಈ ಬಗೆಯ ಎಂಆರ್‌ಐ ಸುಮ್ನೆ ಮಿದುಳಿನ ಚಿತ್ರ ತೆಗೆಯುವುದಿಲ್ಲ, ಕೆಲಸ ಮಾಡುತ್ತಿರುವಾಗ ಯಾವ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತಿದೆ ಎಂದು ತೋರಿಸುತ್ತದೆ.

ಈಸ್ಟ್ರೋಜನ್ ತೆಗೆದುಕೊಂಡಾಗ, ಪದದಂಥವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಹೊತ್ತಿನಲ್ಲಿ ಮಿದುಳಿನ ಪಕ್ಕದ ಮೇಲ್ಭಾಗದ ಒಂದು ಜಾಗ, ಇನ್‌ಫೀರಿಯರ್ ಪರೈಟಲ್ ಎನ್ನುತ್ತಾರೆ, ಹೆಚ್ಚು ಚುರುಕಾಗಿತ್ತು. ಇನ್ನೊಂದು ಬಗೆಯ ಕೆಲಸದಲ್ಲಿ ಅದೇ ಜಾಗದ ಚಟುವಟಿಕೆ ಕಡಿಮೆಯಾಗಿತ್ತು. ನೆನಪಿನಿಂದ ತೆಗೆಯುವ ಹೊತ್ತಿನಲ್ಲಿ ಬಲಗಡೆಯ ಮುಂಭಾಗ ಹೆಚ್ಚು ಚುರುಕಾಗಿತ್ತು. ವಯಸ್ಸು ಚಿಕ್ಕದಿರುವಾಗ ಕಾಣುವ ಮಾದರಿಗೆ ಇದು ಹತ್ತಿರ. ಇಷ್ಟನ್ನು ಓದಿದರೆ ಯಾರಿಗಾದರೂ ಮಾತ್ರೆ ನುಂಗಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಪರೀಕ್ಷೆಯ ಅಂಕಗಳಲ್ಲಿ ವ್ಯತ್ಯಾಸ ಬರಲಿಲ್ಲ. ಈಸ್ಟ್ರೋಜನ್ ಇದ್ದಾಗ ಎಷ್ಟು ಸರಿ ಉತ್ತರ ಕೊಟ್ಟರೋ, ಇಲ್ಲದಾಗಲೂ ಹೆಚ್ಚುಕಮ್ಮಿ ಅಷ್ಟೇ. ಮಿದುಳು ಕೆಲಸ ಹಂಚಿಕೊಂಡ ರೀತಿ ಬೇರೆಯಾಯಿತು, ಕೆಲಸ ಮಾತ್ರ ಆಯಿತು. ಸುದ್ದಿ ಬರೆಯುವವರು ಈ ಸಾಲನ್ನು ಬಿಟ್ಟುಬಿಡುತ್ತಾರೆ. ನನಗೆ ಇದು ಬೇಸರದ ವಿಷಯ, ಏಕೆಂದರೆ ನಿಮ್ಮಂಥವರಿಗೆ ಬೇಕಾದ ಸಾಲು ಅದೇ.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನೂ ಹೇಳಿಬಿಡುತ್ತೇನೆ. ಈಸ್ಟ್ರೋಜನ್ ರಕ್ತನಾಳಗಳನ್ನು ಸ್ವಲ್ಪ ಹಿಗ್ಗಿಸುತ್ತದೆ. ಎಂಆರ್‌ಐ ಅಳೆಯುವುದು ನರಕೋಶದ ಕೆಲಸವನ್ನು ನೇರವಾಗಿ ಅಲ್ಲ, ಅಲ್ಲಿಗೆ ಬರುವ ರಕ್ತವನ್ನು. ಹಾಗಾಗಿ ಚಿತ್ರದಲ್ಲಿ ಕಾಣುವ ಬದಲಾವಣೆ ಪೂರ್ತಿ ನೆನಪಿನ ಲೆಕ್ಕಕ್ಕೆ ಹೋಗುವುದಿಲ್ಲ, ಅದರಲ್ಲಿ ಸ್ವಲ್ಪ ರಕ್ತನಾಳದ್ದೂ ಇರಬಹುದು. ಬಣ್ಣ ಬಣ್ಣದ ಮಿದುಳಿನ ಚಿತ್ರ ನೋಡಿದಾಗೆಲ್ಲ ಇದು ಮನಸ್ಸಿನಲ್ಲಿರಲಿ.

ಹಾಗಾದರೆ ಇದೆಲ್ಲ ಸುಳ್ಳಾ? ಅಲ್ಲ. ವಯಸ್ಸಿನ ಪ್ರಭಾವ ಎಷ್ಟು, ಹಾರ್ಮೋನ್ ಪ್ರಭಾವ ಎಷ್ಟು ಎಂದು ಬೇರ್ಪಡಿಸಿ ನೋಡಿದವರಿದ್ದಾರೆ. ಎಮಿಲಿ ಜೇಕಬ್ಸ್, ಜಿಲ್ ಗೋಲ್ಡ್‌ಸ್ಟೀನ್ ಮತ್ತು ಜೊತೆಯವರು 2016ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟ. ಅವರು 45ರಿಂದ 55ರೊಳಗಿನವರನ್ನು ಮಾತ್ರ ತೆಗೆದುಕೊಂಡರು. ವಯಸ್ಸು ಹೆಚ್ಚುಕಮ್ಮಿ ಒಂದೇ, ಆದರೆ ಕೆಲವರಿಗೆ ಮುಟ್ಟು ಸರಿಯಾಗಿ ಆಗುತ್ತಿದೆ, ಕೆಲವರಿಗೆ ಏರುಪೇರು, ಕೆಲವರಿಗೆ ನಿಂತಿದೆ. ಪದಗಳನ್ನು ಕಲಿಯುವಾಗ ಹಿಪೊಕ್ಯಾಂಪಸ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಈ ಗುಂಪುಗಳಲ್ಲಿ ಬೇರೆ ಬೇರೆಯಾಗಿತ್ತು. ಈಸ್ಟ್ರಡಯಾಲ್ ಎಷ್ಟು ಕಡಿಮೆಯೋ ಹಿಪೊಕ್ಯಾಂಪಸ್‌ನ ಸಂಪರ್ಕದಲ್ಲಿ ಬದಲಾವಣೆ ಅಷ್ಟು ಹೆಚ್ಚು, ಆಮೇಲಿನ ನೆನಪಿನ ಪರೀಕ್ಷೆಯಲ್ಲಿ ಅಂಕವೂ ಸ್ವಲ್ಪ ಕಡಿಮೆ. ಅಂದರೆ ಬರೀ ವಯಸ್ಸಾಯಿತು ಎಂದು ತಳ್ಳಿಹಾಕುವ ಹಾಗಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಮುಟ್ಟು ನಿಂತ ಮೇಲೂ ತುಂಬಾ ಚೆನ್ನಾಗಿ ಅಂಕ ತೆಗೆದ ಮಹಿಳೆಯರಿದ್ದರು. ಅವರ ಹಿಪೊಕ್ಯಾಂಪಸ್‌ನ ಸಂಪರ್ಕ ಇನ್ನೂ ಮುಟ್ಟಾಗುತ್ತಿರುವವರದ್ದರ ಹಾಗೇ ಇತ್ತು. ಹಾರ್ಮೋನ್ ಇಳಿದ ಮಾತ್ರಕ್ಕೆ ಎಲ್ಲರ ಮಿದುಳೂ ಒಂದೇ ದಾರಿ ಹಿಡಿಯುವುದಿಲ್ಲ.

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಮೈಕೆಲ್ ಕ್ರೇಗ್ ಮತ್ತು ಸಂಗಡಿಗರು ಇನ್ನೊಂದು ದಾರಿಯಿಂದ ನೋಡಿದರು. ಅಂಡಾಶಯದ ಕೆಲಸವನ್ನು ಸ್ವಲ್ಪ ಕಾಲ ನಿಲ್ಲಿಸುವ ಇಂಜೆಕ್ಷನ್‌ಗಳಿವೆ, ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್ ಥರದ ಗರ್ಭಕೋಶಕ್ಕೆ ಸಂಬಂಧಿಸಿದ ತೊಂದರೆ ಇರುವವರಿಗೆ ಕೊಡುತ್ತಾರೆ. ಅಂಥ ಇಂಜೆಕ್ಷನ್ ತೆಗೆದುಕೊಂಡ ಚಿಕ್ಕ ವಯಸ್ಸಿನ ಮಹಿಳೆಯರು ಪದಗಳನ್ನು ನೆನಪಿಗೆ ಹಾಕಿಕೊಳ್ಳುವಾಗ ಎಡಗಡೆಯ ಪ್ರಿಫ್ರಂಟಲ್ ಭಾಗದ ಚಟುವಟಿಕೆ ಕಡಿಮೆಯಾಯಿತು. ಔಷಧಿ ನಿಲ್ಲಿಸಿ ಅಂಡಾಶಯ ಮತ್ತೆ ಕೆಲಸ ಶುರು ಮಾಡಿದ ಮೇಲೆ ಅದು ಮೊದಲಿನ ಸ್ಥಿತಿಗೆ ಬಂತು.

ಇಷ್ಟು ಕೇಳಿದ ಮೇಲೆ ಈಸ್ಟ್ರೋಜನ್ ಜಾಸ್ತಿಯಾದಷ್ಟೂ ನೆನಪು ಚುರುಕು ಎಂದು ಅನ್ನಿಸುವುದು ಸಹಜ. ಅದೂ ನಿಜವಲ್ಲ. ಗರ್ಭಿಣಿಯರನ್ನು ನೋಡಿ. ಕೊನೆಯ ತಿಂಗಳುಗಳಲ್ಲಿ ಅವರ ಈಸ್ಟ್ರಡಯಾಲ್ ಮಾಮೂಲಿ ದಿನಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಎನ್ನುವುದಾದರೆ ಅವರ ನೆನಪು ಎಲ್ಲರಿಗಿಂತ ಚುರುಕಾಗಿರಬೇಕಿತ್ತು. ಆದರೆ ಆ ತಿಂಗಳುಗಳಲ್ಲಿ ಮರೆವು ಜಾಸ್ತಿಯಾಯಿತು ಎಂದು ಹೇಳುವವರೇ ಹೆಚ್ಚು.

ಇದರ ಹಿಂದಿನ ಒಂದು ಕಾರಣ ಡೋಪಮೈನ್. ಪ್ರಿಫ್ರಂಟಲ್ ಭಾಗಕ್ಕೆ ಡೋಪಮೈನ್ ತುಂಬಾ ಕಡಿಮೆಯಾದರೂ ಕಷ್ಟ, ತುಂಬಾ ಜಾಸ್ತಿಯಾದರೂ ಕಷ್ಟ. ಅದನ್ನು ಒಡೆದು ಹಾಕುವ ಒಂದು ಕಿಣ್ವ ಇದೆ. ಅದು ಕೆಲವರಲ್ಲಿ ಹುಟ್ಟಿನಿಂದಲೇ ಚುರುಕು, ಕೆಲವರಲ್ಲಿ ನಿಧಾನ. 2011ರಲ್ಲಿ ಬರ್ಕ್ಲಿಯಲ್ಲಿ ಎಮಿಲಿ ಜೇಕಬ್ಸ್ ಮತ್ತು ಮಾರ್ಕ್ ಡೆಸ್ಪೊಸಿಟೊ ಚಿಕ್ಕ ವಯಸ್ಸಿನ ಮಹಿಳೆಯರನ್ನು ತಿಂಗಳಲ್ಲಿ ಎರಡು ಸಲ ಪರೀಕ್ಷೆ ಮಾಡಿದರು, ಈಸ್ಟ್ರೋಜನ್ ಕಡಿಮೆ ಇರುವಾಗೊಮ್ಮೆ, ಹೆಚ್ಚಿರುವಾಗೊಮ್ಮೆ. ಒಂದಾದ ಮೇಲೊಂದು ಬರುವುದನ್ನು ನೋಡುತ್ತಾ, ಎರಡು ಮೂರು ಹೆಜ್ಜೆ ಹಿಂದೆ ಬಂದದ್ದು ಇದೇನಾ ಎಂದು ಹೇಳಬೇಕಾದ ಕೆಲಸ ಅದು. ಹುಟ್ಟಿನಿಂದಲೇ ಡೋಪಮೈನ್ ಕಡಿಮೆ ಇರುವವರಿಗೆ ಈಸ್ಟ್ರೋಜನ್ ಏರಿದಾಗ ಈ ಕೆಲಸ ಸುಲಭವಾಯಿತು. ಡೋಪಮೈನ್ ಮೊದಲೇ ಜಾಸ್ತಿ ಇರುವವರಿಗೆ ಅದೇ ಏರಿಕೆಯಿಂದ ಕಷ್ಟವಾಯಿತು. ಒಂದೇ ಹಾರ್ಮೋನ್, ಒಬ್ಬರಿಗೆ ಸಹಾಯ, ಇನ್ನೊಬ್ಬರಿಗೆ ಅಡ್ಡಿ. ಹಾರ್ಮೋನ್ ತೆಗೆದುಕೊಂಡ ಗೆಳತಿಗೆ ತಲೆ ತಿಳಿಯಾಯಿತು, ನನಗೇನೂ ಆಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಚಿಕ್ಕ ಅಧ್ಯಯನ ನಿಜ, ಆದರೆ ಕ್ಲಿನಿಕ್ಕಿನಲ್ಲಿ ಕಾಣುವುದಕ್ಕೆ ಚೆನ್ನಾಗಿ ಹೊಂದುತ್ತದೆ.

ತಿಂಗಳ ಏರಿಳಿತದ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾದ ಸಂಶೋಧಕಿ ಲಾರಾ ಪ್ರಿಟ್ಷೆಟ್ ತನ್ನ ಮಿದುಳನ್ನೇ 30 ದಿನ, ದಿನವೂ ಬಿಡದೆ ಸ್ಕ್ಯಾನ್ ಮಾಡಿಸಿಕೊಂಡರು, ಜೊತೆಗೆ ದಿನವೂ ರಕ್ತ ಕೊಟ್ಟರು. ಆ ವರದಿ 2020ರಲ್ಲಿ ಬಂತು. ಈಸ್ಟ್ರಡಯಾಲ್ ಏರಿದಾಗ ಮಿದುಳಿನ ದೂರ ದೂರದ ಭಾಗಗಳು ಒಂದಕ್ಕೊಂದು ಹೆಚ್ಚು ಹೊಂದಿಕೊಂಡು ಕೆಲಸ ಮಾಡುತ್ತಿದ್ದವು. ಹಾಗಾದರೆ ಪ್ರತಿ ತಿಂಗಳೂ ಹೆಂಗಸರ ಬುದ್ಧಿ ಏರಿ ಇಳಿಯುತ್ತದಾ? ಇಲ್ಲ. 2025ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು 102 ಅಧ್ಯಯನಗಳನ್ನು, ಸುಮಾರು 4,000 ಮಹಿಳೆಯರ ಫಲಿತಾಂಶಗಳನ್ನು ಒಟ್ಟಿಗೆ ಹಾಕಿ ನೋಡಿದರು. ನೆನಪು, ಗಮನ, ಲೆಕ್ಕ, ಯಾವುದರಲ್ಲೂ ಮುಟ್ಟಿನ ಚಕ್ರದ ಜೊತೆ ನೆಚ್ಚಿಕೊಳ್ಳುವಂಥ ಏರಿಳಿತ ಸಿಗಲಿಲ್ಲ. ಮತ್ತೆ ಅದೇ ಕಥೆ ನೋಡಿ. ಒಳಗಡೆ ಚಟುವಟಿಕೆ ಬದಲಾಗುತ್ತಲೇ ಇರುತ್ತದೆ, ಹೊರಗಡೆ ಕೆಲಸ ನಡೆಯುತ್ತಲೇ ಇರುತ್ತದೆ. ಮುಟ್ಟಿನ ದಿನಗಳಲ್ಲಿ ಹೆಂಗಸರು ಸರಿಯಾಗಿ ಯೋಚಿಸಲಾರರು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ ನಿಮ್ಮ 48ಕ್ಕೆ ಬರೋಣ. ನೀವಿರುವ, ಮುಟ್ಟು ನಿಲ್ಲುವುದಕ್ಕೆ ಮುಂಚಿನ ಹಂತಕ್ಕೆ ಪೆರಿಮೆನೋಪಾಸ್ ಎನ್ನುತ್ತಾರೆ. ಈ ಹಂತದಲ್ಲಿ ಈಸ್ಟ್ರೋಜನ್ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ, ಅದು ಮನಬಂದಂತೆ ಕುಣಿಯುತ್ತದೆ. ಒಂದು ವಾರ ಇಪ್ಪತ್ತರ ವಯಸ್ಸಿನವರಿಗಿಂತ ಹೆಚ್ಚು, ಮುಂದಿನ ವಾರ ಪಾತಾಳಕ್ಕೆ. ವರ್ಷಾನುಗಟ್ಟಲೆ ಒಂದು ಲಯಕ್ಕೆ ಒಗ್ಗಿಕೊಂಡಿದ್ದ ಮಿದುಳು ಇದಕ್ಕೆ ಹೊಂದಿಕೊಳ್ಳಲು ಒದ್ದಾಡುತ್ತದೆ. ಅಮೆರಿಕದಲ್ಲಿ ಸ್ವಾನ್ ಎಂಬ ದೊಡ್ಡ ಅಧ್ಯಯನ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದೆ. 2009ರಲ್ಲಿ ಅದರಲ್ಲಿದ್ದ 2,362 ಮಹಿಳೆಯರ ಪರೀಕ್ಷೆಗಳನ್ನು ಲೆಕ್ಕ ಹಾಕಿದರು. ಒಂದೇ ಥರದ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದರೆ ಅಭ್ಯಾಸದಿಂದ ಅಂಕ ಸ್ವಲ್ಪ ಏರಬೇಕು, ಅಲ್ವಾ? ಪೆರಿಮೆನೋಪಾಸ್‌ನ ಕೊನೆಯ ಹಂತದಲ್ಲಿ ಆ ಏರಿಕೆ ಮೊದಲಿನ ಹಾಗೆ ಕಾಣಲಿಲ್ಲ. ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ಏರಲು ಶುರುವಾಯಿತು. ಈ ಹಂತದಲ್ಲಿ ಆಗುವುದು ಹೆಚ್ಚಾಗಿ ಕಲಿಕೆಯ ತಾತ್ಕಾಲಿಕ ನಿಧಾನ. ನಿಮಗೆ ನಾನು ಕೊಡಬಹುದಾದ ಅತಿ ಒಳ್ಳೆಯ ಸುದ್ದಿ ಇದು.

ನೆನಪಿನ ಪರೀಕ್ಷೆಯಲ್ಲಿ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಎದುರು ಕೂತವರಿಗೆ 15 ಪದಗಳನ್ನು ನಿಧಾನವಾಗಿ ಓದಿ ಹೇಳುತ್ತೇವೆ. ಒಂದಕ್ಕೊಂದು ಸಂಬಂಧ ಇಲ್ಲದ ಪದಗಳು. ನೆನಪಿದ್ದಷ್ಟು ಹೇಳಿ ಎನ್ನುತ್ತೇವೆ. ಅದೇ ಪಟ್ಟಿಯನ್ನು ಒಟ್ಟು ಐದು ಸಲ ಓದುತ್ತೇವೆ, ಪ್ರತಿ ಸಲವೂ ಹೇಳಿಸುತ್ತೇವೆ. ಮಧ್ಯೆ ಗೊಂದಲಕ್ಕೆಂದೇ ಇನ್ನೊಂದು ಪಟ್ಟಿ. ಆಮೇಲೆ ಸುಮಾರು ಅರ್ಧ ಗಂಟೆ ಬೇರೆ ಏನೋ ಕೆಲಸ ಮಾಡಿಸಿ, ಮೊದಲನೇ ಪಟ್ಟಿ ಹೇಳಿ ಎನ್ನುತ್ತೇವೆ. ನಿಮ್ಮ ವಯಸ್ಸಿನ, ನಿಮ್ಮ ಥರದ ದೂರು ಹೇಳುವ ಮಹಿಳೆಯರು ಹೆಚ್ಚಾಗಿ ಮೊದಲೆರಡು ಸುತ್ತಿನಲ್ಲಿ ತಡವರಿಸುತ್ತಾರೆ, ಮುಖ ಸಣ್ಣದಾಗುತ್ತದೆ, ನೋಡಿದ್ರಾ ಡಾಕ್ಟರೇ ಎನ್ನುತ್ತಾರೆ. ನಾಲ್ಕು, ಐದನೇ ಸುತ್ತಿಗೆ ಪಟ್ಟಿ ತುಂಬುತ್ತದೆ. ಅರ್ಧ ಗಂಟೆ ಬಿಟ್ಟು ಕೇಳಿದರೆ ಕಲಿತದ್ದರಲ್ಲಿ ಹೆಚ್ಚಿನದ್ದು ಅಲ್ಲೇ ಇರುತ್ತದೆ. ಹೊರತೆಗೆಯಲು ಸ್ವಲ್ಪ ಹೊತ್ತು ಬೇಕು ಅಷ್ಟೇ. ಡಿಮೆನ್ಷಿಯಾದ ಮುಖ್ಯ ಕಾರಣವಾದ ಆಲ್‌ಝೈಮರ್‌ ಕಾಯಿಲೆಯಲ್ಲಿ ಹೀಗಲ್ಲ. ಅಲ್ಲಿ ಐದು ಸಲ ಓದಿದರೂ ಪಟ್ಟಿ ತುಂಬುವುದಿಲ್ಲ, ಅರ್ಧ ಗಂಟೆ ಬಿಟ್ಟು ಕೇಳಿದರೆ ಪಟ್ಟಿ ಓದಿದ್ದೇ ನೆನಪಿಲ್ಲದಿರಬಹುದು, ಸುಳಿವು ಕೊಟ್ಟರೂ ಬರುವುದಿಲ್ಲ. ನಿಮಗೆ ಬಾಯಿಗೆ ಬಾರದ ಪದ ಮೀಟಿಂಗ್ ಮುಗಿಸಿ ಹೊರಗೆ ಬಂದಾಗ ತಾನಾಗಿ ಹೊಳೆಯುತ್ತದೆ ಎಂದಾದರೆ ಅದು ಹೊರತೆಗೆಯುವ ತೊಂದರೆ, ಕಳೆದುಹೋದದ್ದಲ್ಲ.

ಇದರ ಜೊತೆಗೆ ನಿದ್ದೆ. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ರಾತ್ರಿ ಇದ್ದಕ್ಕಿದ್ದ ಹಾಗೆ ಮೈ ಬಿಸಿಯೇರಿ, ಬೆವರಿ ಎಚ್ಚರವಾಗುತ್ತದಾ? ಇಲಿನಾಯ್ ವಿಶ್ವವಿದ್ಯಾಲಯದ ಪಾಲಿನ್ ಮಾಕಿ ಈ ಬಿಸಿಯೇರುವಿಕೆಯನ್ನು ಮಹಿಳೆಯರ ಮಾತಿನ ಮೇಲೆ ಬಿಡದೆ, ಚರ್ಮಕ್ಕೆ ಅಂಟಿಸಿದ ಉಪಕರಣದಿಂದ ಎಣಿಸಿದರು. ಎಣಿಕೆ ಹೆಚ್ಚಿದ್ದವರಲ್ಲಿ ಪದಗಳ ನೆನಪು ಕಡಿಮೆ ಇತ್ತು. ವಿಶೇಷ ಏನೆಂದರೆ, ಎಷ್ಟೋ ಸಲ ಬಿಸಿಯೇರಿದ್ದು ಮಹಿಳೆಯರಿಗೇ ಗೊತ್ತಾಗಿರಲಿಲ್ಲ. ಹಾಗಾಗಿ ನನಗೆ ಅಂಥದ್ದೇನೂ ಇಲ್ಲ ಎಂದು ಬೇಗ ಹೇಳಿಬಿಡಬೇಡಿ. ಬೆಳಿಗ್ಗೆ ಎದ್ದಾಗ ಸುಸ್ತು, ಹೊದಿಕೆ ಒದ್ದುಹಾಕಿರುವುದು, ಇವೂ ಸುಳಿವು.

ಈಸ್ಟ್ರೋಜನ್ ಪರೀಕ್ಷೆ ಮಾಡಿಸಬೇಕಾ ಎಂದಿರಿ. ಬೇಡ. ಒಂದು ಮಿಲಿಲೀಟರ್ ರಕ್ತದಲ್ಲಿ ಈಸ್ಟ್ರಡಯಾಲ್ ಮುಟ್ಟಿನ ಮೊದಲ ದಿನಗಳಲ್ಲಿ ಸುಮಾರು 30ರಿಂದ 50 ಪಿಕೊಗ್ರಾಂ ಇರುತ್ತದೆ, ಅಂಡ ಬಿಡುಗಡೆಯಾಗುವ ಮುಂಚೆ 200ರಿಂದ 400ಕ್ಕೆ ಏರುತ್ತದೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ 20ಕ್ಕಿಂತ ಕೆಳಗೆ. ನಿಮ್ಮ ಹಂತದಲ್ಲಿ ಈ ಮೂರರಲ್ಲಿ ಯಾವುದು ಬೇಕಾದರೂ ಬರಬಹುದು, ಮುಂದಿನ ವಾರ ಬೇರೆಯೇ ಬರಬಹುದು. 45 ದಾಟಿದ್ದು ಮುಟ್ಟು ಏರುಪೇರಾಗಿದ್ದರೆ ಅಷ್ಟೇ ಸಾಕು, ಅದನ್ನು ಹೇಳಲು ರಕ್ತ ಪರೀಕ್ಷೆ ಬೇಕಿಲ್ಲ. ಆ ಹಣದಲ್ಲಿ ಥೈರಾಯ್ಡ್, ಬಿ12, ಹಿಮೊಗ್ಲೋಬಿನ್, ಸಕ್ಕರೆ ನೋಡಿಸಿ. ಈ ವಯಸ್ಸಿನ ಮರೆವಿನ ಹಿಂದೆ ಇವೂ ಇರುತ್ತವೆ, ಮತ್ತು ಇವಕ್ಕೆ ಔಷಧಿ ಇದೆ. ನೆಗಡಿಗೋ ತುರಿಕೆಗೋ ದಿನವೂ ನಿದ್ದೆ ಬರಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅಸಿಟೈಲ್‌ಕೋಲಿನ್ ಕೆಲಸಕ್ಕೆ ಅಡ್ಡ ಬರುವ ಮಾತ್ರೆಗಳು ಅವು.

ಇನ್ನು ಹಾರ್ಮೋನ್ ಮಾತ್ರೆ. ಇಲ್ಲಿ ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ: ನೆನಪು ಉಳಿಸಿಕೊಳ್ಳಬೇಕು ಎಂಬ ಒಂದೇ ಕಾರಣಕ್ಕೆ, ಡಿಮೆನ್ಷಿಯಾ ಬರಬಾರದು ಎಂಬ ಕಾರಣಕ್ಕೆ ತೆಗೆದುಕೊಳ್ಳಬೇಡಿ. 2003ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನ ನೆನಪಿನ ಅಧ್ಯಯನ ಪ್ರಕಟವಾಯಿತು. 65 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ 4,532 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನ್ ಥರ ಕೆಲಸ ಮಾಡುವ ಔಷಧಿ) ಸೇರಿದ ಮಾತ್ರೆ, ಉಳಿದವರಿಗೆ ಸುಳ್ಳು ಮಾತ್ರೆ. ಮಾತ್ರೆ ತೆಗೆದುಕೊಂಡವರಲ್ಲಿ 40 ಜನಕ್ಕೆ ಡಿಮೆನ್ಷಿಯಾ ಬಂತು, ಸುಳ್ಳು ಮಾತ್ರೆಯವರಲ್ಲಿ 21 ಜನಕ್ಕೆ. ಎಲ್ಲರೂ ಎದುರು ನೋಡುತ್ತಿದ್ದದ್ದು ಇದರ ತದ್ವಿರುದ್ಧ. ಆಮೇಲೆ, ಮುಟ್ಟು ನಿಂತು ಬಹಳ ವರ್ಷವಾದವರಿಗೆ ಕೊಟ್ಟಿದ್ದರಿಂದ ಹೀಗಾಯಿತು, ಬೇಗ ಶುರು ಮಾಡಿದ್ದರೆ ಲಾಭವಾಗುತ್ತಿತ್ತು ಎಂಬ ವಾದ ಬಂತು. ಒಳ್ಳೆಯ ವಾದವೇ. ಹಾಗಾಗಿ ಮುಟ್ಟು ನಿಂತ ಹೊಸತರಲ್ಲೇ ಹಾರ್ಮೋನ್ ಕೊಟ್ಟು ನೋಡಿದರು. ಕೀಪ್ಸ್ ಎಂಬ ಅಧ್ಯಯನದ ಫಲಿತಾಂಶ 2015ರಲ್ಲಿ, ಎಲೈಟ್ ಎಂಬುದರದ್ದು 2016ರಲ್ಲಿ ಬಂತು. ಎರಡರಲ್ಲೂ ನೆನಪಿಗೆ ಕೆಡುಕೂ ಆಗಲಿಲ್ಲ, ಹೇಳಿಕೊಳ್ಳುವಂಥ ಲಾಭವೂ ಆಗಲಿಲ್ಲ.

ಇದರ ಅರ್ಥ ಹಾರ್ಮೋನ್ ಕೆಟ್ಟದ್ದು ಎಂದಲ್ಲ. ಮೈ ಬಿಸಿಯೇರುವುದು, ರಾತ್ರಿ ಬೆವರು, ನಿದ್ದೆ ಕೆಡುವುದು ಇವಕ್ಕೆ ಅದಕ್ಕಿಂತ ಒಳ್ಳೆಯ ಮದ್ದು ಇಲ್ಲ ಎಂದೇ ಹೇಳಬೇಕು. 60ರ ಒಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಬೇರೆ ತೊಂದರೆ ಇಲ್ಲದ ಹೆಚ್ಚಿನವರಿಗೆ ಲಾಭವೇ ಜಾಸ್ತಿ. ನಿಮಗೆ ಆ ತೊಂದರೆಗಳಿದ್ದು, ಹಾರ್ಮೋನ್‌ನಿಂದ ನಿದ್ದೆ ಸರಿಹೋಗಿ, ಅದರಿಂದ ತಲೆ ತಿಳಿಯಾದರೆ ಸಂತೋಷ. ಸ್ತನದ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟುವ ತೊಂದರೆ, ಪಾರ್ಶ್ವವಾಯು, ಲಿವರ್ ಕಾಯಿಲೆ ಇದ್ದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಇದರಿಂದ ದೂರ ಇರಬೇಕಾಗುತ್ತದೆ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು, ಜೊತೆಗೆ ಪ್ರೊಜೆಸ್ಟರಾನ್ ಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರಕ್ಕೆ ಅಪಾಯ. ಹಾಗಾಗಿ ಅಂಗಡಿಯಿಂದ ಸುಮ್ನೆ ತಂದು ನುಂಗುವ ವಸ್ತು ಇದಲ್ಲ.

ಅಮ್ಮನ ವಿಷಯ. ಅವರಿಗೆ ವಯಸ್ಸಾದ ಮೇಲೆ ಬಂದಿದ್ದರೆ ನಿಮ್ಮ ಅಪಾಯ ಸ್ವಲ್ಪ ಹೆಚ್ಚು ಹೌದು, ಆದರೆ ಬಂದೇ ಬರುತ್ತದೆ ಎಂದಲ್ಲ. ಇವತ್ತಿನ ನಿಮ್ಮ ಮರೆವು ಅದರ ಶುರು ಎಂದೂ ಅಲ್ಲ. ನಿಮ್ಮ ಕೈಯಲ್ಲಿರುವುದು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಕಿವಿ ಮಂದವಾದರೆ ಅದಕ್ಕೆ ಚಿಕಿತ್ಸೆ, ದಿನವೂ ಮೈ ಬೆವರುವಷ್ಟು ಓಡಾಟ. ನಲವತ್ತು ಐವತ್ತರ ವಯಸ್ಸಿನಲ್ಲಿ ಬಿಪಿ ಹಿಡಿತದಲ್ಲಿಡುವುದು ಮುಂದಿನ ಮಿದುಳಿಗೆ ಯಾವ ಹಾರ್ಮೋನ್ ಮಾತ್ರೆಗಿಂತಲೂ ಹೆಚ್ಚಿನ ಉಪಕಾರ. ಗೊತ್ತಿರುವ ದಾರಿಯಲ್ಲೇ ದಿಕ್ಕು ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ದುಡ್ಡಿನ ಲೆಕ್ಕ ತಪ್ಪುವುದು, ನಿಮಗೆ ಗೊತ್ತಾಗದೆ ಮನೆಯವರಿಗೆ ಗೊತ್ತಾಗುವುದು, ಇಂಥದ್ದಾದರೆ ಮಾತ್ರ ತಡಮಾಡದೆ ನರರೋಗ ತಜ್ಞರನ್ನು ನೋಡಿ.

ಕೊನೆಗೆ ನಿಮ್ಮ ತಂಗಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ತಂದದ್ದು ಅವರ ವಿಷಯ. ಮೇಲೆ ಹೇಳಿದ್ದು ಯಾವುದೂ ಅವರಿಗೆ ಹಾಗೇ ಅನ್ವಯಿಸುವುದಿಲ್ಲ. ನಿಮ್ಮಲ್ಲಿ ವರ್ಷಗಟ್ಟಲೆ ಆಗುವುದು ಅವರಲ್ಲಿ ಆಪರೇಷನ್ ಆದ ಕೆಲವೇ ದಿನಗಳಲ್ಲಿ ಆಗಿಹೋಗಿದೆ, ಅದೂ ಹತ್ತು ಹನ್ನೆರಡು ವರ್ಷ ಮುಂಚೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬಾರ್ಬರಾ ಶೆರ್ವಿನ್ 1992ರಲ್ಲಿ ಇಂಥ ಆಪರೇಷನ್‌ಗೆ ಮುಂಚೆ ಮತ್ತು ಆಮೇಲೆ ಮಹಿಳೆಯರ ನೆನಪು ಪರೀಕ್ಷಿಸಿದ್ದರು. ಈಸ್ಟ್ರೋಜನ್ ಕೊಟ್ಟವರಲ್ಲಿ ಜೋಡಿ ಪದಗಳನ್ನು ನೆನಪಿಡುವ ಶಕ್ತಿ ಹಾಗೇ ಉಳಿಯಿತು, ಕೊಡದವರಲ್ಲಿ ಇಳಿಯಿತು. ಮೇಯೊ ಕ್ಲಿನಿಕ್‌ನ ವಾಲ್ಟರ್ ರೊಕ್ಕಾ ತಂಡ 2007ರಲ್ಲಿ ಪ್ರಕಟಿಸಿದ್ದು ಇನ್ನೂ ಗಂಭೀರ. ಮುಟ್ಟು ನಿಲ್ಲುವ ವಯಸ್ಸಿಗೆ ಮುಂಚೆಯೇ ಅಂಡಾಶಯ ತೆಗೆದವರಲ್ಲಿ ಮುಂದೆ ನೆನಪಿನ ತೊಂದರೆ, ಡಿಮೆನ್ಷಿಯಾ ಹೆಚ್ಚು, ಎಷ್ಟು ಚಿಕ್ಕ ವಯಸ್ಸಿನಲ್ಲಿ ತೆಗೆದಿದ್ದಾರೋ ಅಷ್ಟು ಹೆಚ್ಚು. ಕನಿಷ್ಠ 50ರ ತನಕ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಈ ಹೆಚ್ಚಳ ಕಾಣಲಿಲ್ಲ. ಮೂಳೆ ಮತ್ತು ಹೃದಯದ ದೃಷ್ಟಿಯಿಂದಲೂ ಇದು ಮುಖ್ಯ. ಹಾಗಾಗಿ ಇಷ್ಟು ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ತೆಗೆದರೆ, ಬೇಡ ಎನ್ನುವ ಕಾರಣ ಇಲ್ಲದಿದ್ದಲ್ಲಿ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಅಂದರೆ ಸುಮಾರು 50, 51ರ ತನಕ ಹಾರ್ಮೋನ್ ಕೊಡುವುದು ಸಾಮಾನ್ಯ ಪದ್ಧತಿ. ಗರ್ಭಕೋಶವೂ ತೆಗೆದಿರುವುದರಿಂದ ಅವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕಾಗುತ್ತದೆ. ಕ್ಯಾನ್ಸರ್ ಕಾರಣಕ್ಕೆ ತೆಗೆದಿದ್ದರೆ ಲೆಕ್ಕ ಬೇರೆ, ಅದನ್ನು ಅವರ ಕ್ಯಾನ್ಸರ್ ಡಾಕ್ಟರೇ ಹೇಳಬೇಕು. ಆಪರೇಷನ್‌ನ ಡಿಸ್ಚಾರ್ಜ್ ಸಮ್ಮರಿ ಮತ್ತು ಬಯಾಪ್ಸಿ ರಿಪೋರ್ಟ್ ಹಿಡಿದುಕೊಂಡು ಈ ವಾರವೇ ಸ್ತ್ರೀರೋಗ ತಜ್ಞರನ್ನು ನೋಡಲಿ, ನನಗೆ ಯಾಕೆ ಹಾರ್ಮೋನ್ ಕೊಟ್ಟಿಲ್ಲ ಎಂದು ನೇರವಾಗಿ ಕೇಳಲಿ. ನೀವೂ ಜೊತೆಗೆ ಹೋಗಿ.